ಐದನೆಯ ದಿನದ ಪಾಳಿ

ಬೇಸ್‌ಬಾಲ್ ಎಂಬ ಆಟದ ತಲೆಬುಡ ತಿಳಿಯದೆ ಐವತ್ತು ವರ್ಷ ನೆಮ್ಮದಿಯಾಗಿ ಬದುಕಿದವನು ನಾನು. ಅದನ್ನು ನಮ್ಮ ಮನೆಯೊಳಗೆ ತಂದು ಹಾಕಿದವನು ಲತೀಶ್. ಅಮೆರಿಕನ್ನರ ಕ್ಯಾಂಪಿನ ಊಟದ ಹಾಲ್‌ನಲ್ಲಿ ಬಡಿಸುವ ಕೆಲಸ ಅವನದು. ಅಲ್ಲಿನ ಟೀವಿಯಲ್ಲಿ ಯಾವಾಗ ನೋಡಿದರೂ ಅದೇ ಆಟವಂತೆ. ನೋಡಿ ನೋಡಿ ಇವನಿಗೆ ಹುಚ್ಚು ಹಿಡಿಯಿತು. ಹುಚ್ಚು ಅವನೊಬ್ಬನಿಗೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅರಬರ ನಾಡಿನ ಈ ಊರಲ್ಲಿ, ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲಾಟಿನ ಅಷ್ಟೂ ಜನಕ್ಕೆ ಅಂಟಿಸಿಬಿಟ್ಟ, ಕತ್ತೆ.

ನಾವು ಇದ್ದದ್ದು ಐವರು. ಎಲ್ಲರಿಗಿಂತ ಹಿರಿಯರು ಕೊರಗಪ್ಪಣ್ಣ, ಕಾಪು ಕಡೆಯವರು, ಎಲೆಕ್ಟ್ರಿಕ್ ಸಾಮಾನಿನ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಆಮೇಲೆ ನಾನು, ಕ್ಲೆಮೆಂಟ್, ಕಾರ್ಗೋ ಆಫೀಸಿನಲ್ಲಿ ಕುಳಿತು ಜನರ ಜೊತೆ ಜಗಳಾಡುವುದಕ್ಕೇ ಸಂಬಳ ಪಡೆಯುವವನು. ಆಮೇಲೆ ಟ್ಯಾಕ್ಸಿ ಓಡಿಸುವ ಅಹ್ಮದ್ ಬಾವಾ, ಈ ಲತೀಶ್, ಕೊನೆಗೆ ಬ್ಯಾಂಕಿನಲ್ಲಿರುವ ಮೈಸೂರಿನ ಮನೀಷ್. ಮನೀಷನಿಗೆ ತುಳು ಬಾರದ ಕಾರಣ ಮನೆಯ ಮಾತು ಕನ್ನಡ. ಅಡುಗೆಗೆ ಪಾಳಿ. ದಿನಕ್ಕೊಬ್ಬ, ಒಮ್ಮೆ ಮಾಡಿದರೆ ಮತ್ತೆ ಐದನೆಯ ದಿನಕ್ಕೆ ಸರದಿ. ಬಾವಾನ ದಿನ ತುಪ್ಪದನ್ನ, ಮನೀಷನ ದಿನ ಬೇಳೆ ಸಾರು, ಲತೀಶನ ದಿನ ಕೋಳಿ ಸುಕ್ಕ. ನನ್ನ ದಿನ, ಹಂದಿ ಮಾಂಸಕ್ಕೆ ಹಾಕಬೇಕಾದ ಮಸಾಲೆಯಲ್ಲಿ ಈ ದೇಶದ ಕಾನೂನಿಗೆ ಹೆದರಿ ಕೋಳಿಯನ್ನೇ ಬೇಯಿಸುವುದು. ಕೊರಗಪ್ಪಣ್ಣನ ದಿನ ಬಂಗುಡೆ ಮೀನಿನ ಹುಳಿ ಖಾರದ ಸಾರು, ಪುಳಿಮುಂಚಿ. ಆ ದಿನ ನಾವು ಯಾರೂ ಹೊರಗೆ ಉಣ್ಣುತ್ತಿರಲಿಲ್ಲ.

ಮನೆಗೆ ಒಂದು ಕ್ರಮವಿತ್ತು. ಕೊರಗಪ್ಪಣ್ಣ ಹಾಕಿಕೊಟ್ಟದ್ದು. ಯಾರಾದರೂ ನೆಂಟರು ಬಂದಿದ್ದರೆ ಅವರಿಗೆ ಮೊದಲು ಬಡಿಸುವುದು. ಆಮೇಲೆ ಮನೆಯವರಿಗೆ. ಅಡುಗೆ ಮಾಡಿದವನು ಎಲ್ಲರದ್ದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಣ್ಣುವುದು. ಲತೀಶ್ ಮೊದಲ ಸಲ ಇದನ್ನು ಕೇಳಿ ನಗಾಡಿದ್ದ. ಆಮೇಲೆ ಅವನೇ ತನ್ನ ದಿನ ಎಲ್ಲರೂ ಕೈ ತೊಳೆಯುವವರೆಗೆ ಬಟ್ಟಲು ಮುಟ್ಟುತ್ತಿರಲಿಲ್ಲ.

ಪಿಚರ್ ಎಂದರೆ ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ ಎಂದು ಲತೀಶ್ ನಮಗೆ ಪಾಠ ಮಾಡಿದ. ಆದರೆ ಅಲ್ಲಿ ಓವರ್ ಬದಲಾಯಿಸುವ ಗೋಜಿಲ್ಲ. ಆಟ ಶುರು ಮಾಡುವ ಪಿಚರ್ ಒಬ್ಬನೇ, ತೋಳಿನಲ್ಲಿ ಶಕ್ತಿ ಇರುವವರೆಗೂ ಅವನೇ ಎಸೆಯಬೇಕು. ಒಮ್ಮೆ ಎಸೆದರೆ ತೋಳು ಸೋತುಹೋಗುತ್ತದೆ, ನಾಲ್ಕು ದಿನ ವಿಶ್ರಾಂತಿ. ಅದಕ್ಕೇ ಒಂದೊಂದು ತಂಡದಲ್ಲಿ ಐದು ಜನ ಇಂಥವರನ್ನು ಇಟ್ಟುಕೊಂಡು ಸರದಿಯ ಮೇಲೆ ಆಡಿಸುತ್ತಾರೆ.

"ಅಂದ್ರೆ ನಮ್ಮ ಅಡುಗೆ ಪಾಳಿ ಹಾಗೇ," ಎಂದರು ಕೊರಗಪ್ಪಣ್ಣ.

ಅಷ್ಟೇ. ಆ ಒಂದು ಮಾತಿಗೆ ಆಟ ನಮ್ಮದಾಗಿಬಿಟ್ಟಿತು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ, ಎ.ಸಿ. ಕೆಳಗೆ ಚಾಪೆ ಹಾಸಿಕೊಂಡು, ಲತೀಶನ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಹಳೆಯ ಆಟಗಳ ತುಣುಕು ನೋಡುವುದು. ಆಮೇಲೆ ಎಲ್ಲರಿಗಿಂತ ದೊಡ್ಡ ಸ್ಟಾರ್ಟಿಂಗ್ ಪಿಚರ್ ಯಾರು ಎಂದು ಗಂಟಲು ಹರಿಯುವಂತೆ ಕಿತ್ತಾಡುವುದು. ಲತೀಶನಿಗೆ ನೋಲನ್ ರಯನ್. ಏನು ವೇಗ, ಎಷ್ಟು ಜನರನ್ನು ಔಟ್ ಮಾಡಿದ್ದಾನೆ ಎಂದು ಬಾಯಿ ಚಪ್ಪರಿಸುತ್ತಿದ್ದ. ನನಗೆ ಗ್ರೆಗ್ ಮ್ಯಾಡಕ್ಸ್. ವೇಗವೇ ಇಲ್ಲ, ನೋಡಿದರೆ ಶಾಲೆಯ ಮಾಸ್ಟ್ರ ಹಾಗಿದ್ದಾನೆ, ಆದರೆ ಚೆಂಡು ಅವನು ಹೇಳಿದಲ್ಲಿ ಹೋಗಿ ಬೀಳುತ್ತದೆ. ಮನೀಷ್ ಫೋನಿನಲ್ಲಿ ಅಂಕಿ ಅಂಶ ಹುಡುಕಿ ಪೆಡ್ರೊ ಮಾರ್ಟಿನೆಜ್ ಎನ್ನುತ್ತಿದ್ದ. ಬಾವಾನಿಗೆ ಯಾರಾದರೂ ಸರಿ, ಲತೀಶ್ ಹೇಳಿದವನು ಆಗಬಾರದು.

ಕೊರಗಪ್ಪಣ್ಣ ಹಿಡಿದದ್ದು ನೂರು ವರ್ಷಕ್ಕೂ ಹಿಂದಿನ ಸೈ ಯಂಗ್ ಎಂಬವನನ್ನು. ಅವನು ಆಡಿದ್ದನ್ನು ನೋಡಿದವರು ಯಾರೂ ಬದುಕಿಲ್ಲ, ಕಪ್ಪು ಬಿಳುಪು ಫೋಟೊ ಮಾತ್ರ. ಎಲ್ಲರಿಗಿಂತ ಹೆಚ್ಚು ಗೆದ್ದವನು, ಹೆಚ್ಚು ಸೋತವನೂ ಅವನೇ ಎಂದು ಮನೀಷ್ ಓದಿ ಹೇಳಿದಾಗ ನಾವೆಲ್ಲ ನಗಾಡಿದೆವು. ಕೊರಗಪ್ಪಣ್ಣ ನಗಲಿಲ್ಲ. ಅವನು ಶುರು ಮಾಡಿದ ಆಟಗಳಲ್ಲಿ ಎಷ್ಟನ್ನು ತಾನೇ ಮುಗಿಸಿದ್ದಾನೆ ನೋಡು ಎಂದರು. ನೋಡಿದರೆ ಹೆಚ್ಚು ಕಡಿಮೆ ಎಲ್ಲವನ್ನೂ.

"ಮತ್ತೆ? ಒಲೆ ಹಚ್ಚಿದವನೇ ಪಾತ್ರೆ ಇಳಿಸ್ಬೇಕು," ಎಂದರು. "ಅರ್ಧದಲ್ಲಿ ಬಿಟ್ಟು ಹೋಗುವವ ಎಂತ ದೊಡ್ಡ ಜನ ಮಾರಾಯ?"

ಈಗಿನ ಕಾಲದಲ್ಲಿ ಹಾಗೆ ಯಾರೂ ಪೂರ್ತಿ ಎಸೆಯುವುದಿಲ್ಲ ಎಂದು ಲತೀಶ್ ತೋರಿಸಿದ. ಪಿಚರ್ ಸೋತ ಎಂದು ಕಂಡರೆ ತಂಡದ ಮ್ಯಾನೇಜರ್ ಸಾವಕಾಶ ನಡೆದು ಮೈದಾನದ ನಡುವಿಗೆ ಬರುತ್ತಾನೆ, ಏನೂ ಹೇಳದೆ ಕೈ ಚಾಚುತ್ತಾನೆ. ಪಿಚರ್ ಚೆಂಡನ್ನು ಆ ಕೈಯಲ್ಲಿಟ್ಟು ತಲೆ ತಗ್ಗಿಸಿ ಹೊರಗೆ ನಡೆಯುತ್ತಾನೆ. ಕೊರಗಪ್ಪಣ್ಣ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಆ ಮನುಷ್ಯ ಅದೇ ಆಟದಲ್ಲಿ ಮತ್ತೆ ಬರಬಹುದಾ ಎಂದು ಕೇಳಿದರು. ಇಲ್ಲ, ಇಳಿದವನು ಆ ಆಟಕ್ಕೆ ಮತ್ತೆ ಹತ್ತುವ ಹಾಗಿಲ್ಲ, ಖಲಾಸ್, ಎಂದ ಲತೀಶ್.

"ಛೆ," ಎಂದರು.

ಹೋದ ಬೇಸಗೆಯಲ್ಲಿ ಒಂದು ದಿನ ಆಫೀಸಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದವನು ಹಾಗೇ ಕುರ್ಚಿಯಿಂದ ಕುಸಿದೆ. ಕೊರಗಪ್ಪಣ್ಣನಿಗೆ ಫೋನು ಹೋಯಿತು. ಅವರೇ ಬಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಈಜಿಪ್ಟಿನ ಡಾಕ್ಟರು ಅರಬಿಯಲ್ಲಿ ನನಗೆ ಬೈದದ್ದನ್ನೆಲ್ಲ ಅವರೇ ಕನ್ನಡಕ್ಕೆ ಇಳಿಸಿದರು. ಬೀಪಿ ಏರಿದೆ, ಮಾತ್ರೆ ತೆಗೆದುಕೊಳ್ಳಬೇಕು, ಉಪ್ಪು ಬಿಡಬೇಕು. ಅಲ್ಲಿದ್ದ ನರ್ಸ್ ವೆನಿಸ್ಸಾ ನಮ್ಮೂರು ಕುಲಶೇಖರದ ಹುಡುಗಿ, ಅವಳೂ ಕೊಂಕಣಿಯಲ್ಲಿ ಸ್ವಲ್ಪ ಬೈದಳು. ಹೊರಗೆ ಬಂದ ಮೇಲೆ ನಾನು ಕೊರಗಪ್ಪಣ್ಣನಿಗೆ ಹೇಳಿದ್ದು ಒಂದೇ ಮಾತು. ಇದು ಇಲ್ಲಿಗೇ ಮುಗಿಯಬೇಕು, ಆ ಹುಡುಗರಿಗೆ ಗೊತ್ತಾದರೆ ನಾಳೆಯಿಂದ ನನಗೆ ಗಂಜಿ ಬಡಿಸಿ ತಮಾಷೆ ಮಾಡುತ್ತಾರೆ. ಆಯಿತು ಎಂದರು. ಮಾತ್ರೆ ನುಂಗುತ್ತಿದ್ದೆ. ಉಪ್ಪು ಬಿಡುವ ಮಾತು ಅವತ್ತೇ ಮರೆತೆ. ಉಪ್ಪಿನಕಾಯಿ ಇಲ್ಲದೆ ನನಗೆ ಅನ್ನ ಇಳಿಯುವುದಿಲ್ಲ.

ಆಮೇಲಿನ ದಿನಗಳಲ್ಲೇ ಕೊರಗಪ್ಪಣ್ಣನ ಅಡುಗೆ ಕೆಟ್ಟದ್ದು.

ಮೊದಲ ಸಲ ಕೈ ತಪ್ಪಿರಬೇಕು ಎಂದುಕೊಂಡೆವು. ಮುಂದಿನ ಪಾಳಿಯಲ್ಲೂ ಹಾಗೇ. ಪುಳಿಮುಂಚಿಗೆ ಹುಳಿ ಜಾಸ್ತಿ, ಕರಿಮೆಣಸು ಜಾಸ್ತಿ, ಉಪ್ಪು ಮಾತ್ರ ಇದೆಯೋ ಇಲ್ಲವೋ ಎಂಬಷ್ಟು. ಆಮೇಲೆ ಅವರ ದಿನವೆಂದರೆ ಬಾವಾನಿಗೆ ಏರ್‌ಪೋರ್ಟ್ ಟ್ರಿಪ್ ಸಿಗತೊಡಗಿತು, ಮನೀಷನಿಗೆ ಬ್ಯಾಂಕಿನಲ್ಲಿ ಪಾರ್ಟಿ. ಅಣ್ಣನ ಬಾಯಿ ಸತ್ತಿದೆ, ವಯಸ್ಸಾದರೆ ಹಾಗೇ, ನಮ್ಮ ಅಜ್ಜನಿಗೂ ರುಚಿ ತಿಳಿಯುತ್ತಿರಲಿಲ್ಲ ಎಂದ ಲತೀಶ್. ಹಿರಿಯರ ಮುಖಕ್ಕೆ ಹೇಳುವುದು ಹೇಗೆ? ಉಪ್ಪಿನ ಡಬ್ಬ ಚಾಪೆಯ ಮೇಲೆ ಬಂದು ಕುಳಿತಿತು. ನಾನು ಅದಕ್ಕೆ ಕೈ ಹಾಕಿದಾಗಲೆಲ್ಲ ಕೊರಗಪ್ಪಣ್ಣ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಅವರಿಗೆ ನಾಚಿಕೆಯಾಗಿದೆ ಎಂದು ನಾನು ತಿಳಿದೆ. ಎಂಥ ಮಂದಬುದ್ಧಿ ನೋಡಿ ನನ್ನದು.

ಒಂದು ಶುಕ್ರವಾರ ವಾದ ಜೋರಾಯಿತು. ಮಾತು ಬಂದದ್ದು ರಯನ್ ಕುರಿತು, ಅವನು ನಲವತ್ತು ದಾಟಿದ ಮೇಲೂ ಎಸೆದದ್ದು. ಎಲ್ಲರೂ ಅವನ ಹಾಗಿರುವುದಿಲ್ಲ, ಮುಕ್ಕಾಲು ಜನಕ್ಕೆ ಯಾವಾಗ ಬಿಡಬೇಕೆಂದು ತಿಳಿಯುವುದಿಲ್ಲ ಎಂದು ನಾನೆಂದೆ. ಮ್ಯಾಡಕ್ಸ್ ಕೂಡ ಕೊನೆಗೆ ಶಕ್ತಿ ಹೋದ ಮೇಲೂ ಎಸೆಯುತ್ತಿದ್ದ ತಾನೇ ಎಂದು ಲತೀಶ್ ಕೆಣಕಿದ. ಕೋಪ ನನಗೆ ಮೂಗಿನ ತುದಿಯಲ್ಲೇ.

"ತೋಳಲ್ಲಿ ಶಕ್ತಿ ಇಲ್ಲದವ ಚೆಂಡು ಬಿಡದೆ ನಿಂತರೆ ತಪ್ಪು ಅವನದ್ದಲ್ಲ," ಎಂದೆ. "ಹೋಗಿ ಕೈ ಚಾಚದ ಮ್ಯಾನೇಜರನದ್ದು."

ಹೇಳಿದ್ದು ಮ್ಯಾಡಕ್ಸ್ ಮೇಲಿನ ಅಭಿಮಾನಕ್ಕೆ. ಆದರೆ ಬಾವಾ, ಲತೀಶ್, ಮನೀಷ್ ಮೂವರೂ ಒಟ್ಟಿಗೆ ನನ್ನನ್ನು ನೋಡಿದರು. ಆಮೇಲೆ ಕೊರಗಪ್ಪಣ್ಣನನ್ನು ನೋಡಿದರು. ಅವರು ಗೋಡೆಗೆ ಒರಗಿ ಚಾ ಕುಡಿಯುತ್ತಿದ್ದರು.

ಸಂಜೆ ಮೂವರೂ ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋದರು. ಪೊರ್ಬುಗಳೇ, ಅಣ್ಣನನ್ನು ಪಾಳಿಯಿಂದ ಬಿಡಿಸಲು ನೀವೇ ಮಾತಾಡಿ, ಅವರ ನಂತರ ಹಿರಿಯರು ನೀವೇ ಎಂದ ಲತೀಶ್. ನಮ್ಮೂರಲ್ಲಿ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು, ಅವನಿಗೆ ನನ್ನಿಂದ ಏನಾದರೂ ಆಗಬೇಕಾದಾಗ ಮಾತ್ರ ನಾನು ಪೊರ್ಬು. ಬೇಸರ ಮಾಡದ ಹಾಗೆ, ವಿಶ್ರಾಂತಿ ಎಂದು ಹೇಳಿ ಎಂದ ಮನೀಷ್. ನನಗೂ ಅದು ಒಳ್ಳೆಯ ಉಪಾಯ ಎನ್ನಿಸಿತು. ಮರ್ಯಾದೆಯೂ ಉಳಿಯುತ್ತದೆ, ಊಟವೂ ಸರಿಹೋಗುತ್ತದೆ.

ಅವರ ಮುಂದಿನ ಪಾಳಿಯ ದಿನ ನಾನು ಅಡುಗೆ ಕೋಣೆಗೆ ಹೋಗುವಾಗ ಒಲೆ ಹಚ್ಚಿಯಾಗಿತ್ತು. ಬಂಗುಡೆ ತೊಳೆದಿಟ್ಟಿತ್ತು, ಮಸಾಲೆ ಕುದಿ ಬರುತ್ತಿತ್ತು. ಸ್ವಲ್ಪ ಬೇಗ ಹೋಗಬೇಕಿತ್ತು ಎಂದು ಈಗಲೂ ಅನಿಸುತ್ತದೆ, ಒಲೆ ಹಚ್ಚುವ ಮೊದಲಾದರೂ.

"ಅಣ್ಣ, ಇಷ್ಟು ವರ್ಷ ಮಾಡಿ ಹಾಕಿದ್ದು ಸಾಕು. ಇನ್ನು ನೀವು ರೆಸ್ಟ್ ಮಾಡಿ, ನಾವು ನಾಲ್ವರು ನೋಡಿಕೊಳ್ತೇವೆ," ಎಂದೆ. ಹೇಳುತ್ತಾ ಸೌಟಿಗಾಗಿ ಕೈ ಚಾಚಿದೆ.

ಚಾಚಿದ ಮೇಲೆ ನನಗೆ ಹೊಳೆಯಿತು ನಾನು ಮಾಡುತ್ತಿರುವುದು ಏನೆಂದು. ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅವರು ನನ್ನ ಕೈಯನ್ನು ನೋಡಿದರು. ಆಮೇಲೆ ಮುಖ ನೋಡಿದರು.

"ನಿನಗೂ ಹಾಗೇ ಕಾಣ್ತದಾ ಕ್ಲೆಮೆಂಟ್?"

"ಹೌದಣ್ಣ," ಎಂದೆ.

ಅವರು ಏನೋ ಹೇಳುವವರಿದ್ದರು. ಬಾಗಿಲಲ್ಲಿ ಲತೀಶನೂ ಮನೀಷನೂ ನಿಂತಿದ್ದರು. ಅವರನ್ನು ನೋಡಿ ಬಾಯಿ ಮುಚ್ಚಿಕೊಂಡರು. ಸೌಟನ್ನು ನನ್ನ ಕೈಯಲ್ಲಿಟ್ಟು, ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದರು. ನಾನು ಸಾರಿನ ರುಚಿ ನೋಡಿದೆ. ಉಪ್ಪಿರಲಿಲ್ಲ. ಡಬ್ಬದಿಂದ ಒಂದು ಹಿಡಿ ಸುರಿದೆ.

ಆ ದಿನ ಊಟಕ್ಕೆ ಕುಳಿತಾಗ ಅವರ ಬಟ್ಟಲಿಗೇ ಮೊದಲು ಬಡಿಸಿದೆವು. ದೊಡ್ಡ ಬಂಗುಡೆ ಅವರಿಗೇ. ಲತೀಶ್ ನೀರು ಕೂಡ ತಂದಿಟ್ಟ. ಇದರಲ್ಲಿ ನಾಟಕವೇನೂ ಇರಲಿಲ್ಲ, ನಿಜವಾಗಿಯೂ ಪ್ರೀತಿಯಿಂದಲೇ ಮಾಡಿದೆವು. ಅವರು ಬಟ್ಟಲನ್ನೊಮ್ಮೆ ನೋಡಿ ಅನ್ನಕ್ಕೆ ಕೈ ಹಾಕಿದರು. ಮರುದಿನವೂ ಅವರಿಗೇ ಮೊದಲು. ಅದರ ಮರುದಿನವೂ. ಪಾಳಿ ಇಲ್ಲದವನಿಗೆ ಪಾತ್ರೆಯ ತಳ ಬಳಿಯುವ ದಿನವೇ ಇಲ್ಲ. ಅವರು ಹಾಕಿಕೊಟ್ಟ ಕ್ರಮದಿಂದಲೇ ನಾವು ಅವರನ್ನು ನೆಂಟರನ್ನಾಗಿ ಮಾಡಿದ್ದೆವು. ನಮಗೆ ಗೊತ್ತಾಗಲಿಲ್ಲ, ಅವರಿಗೆ ಮೊದಲ ಬಟ್ಟಲಿಗೇ ಗೊತ್ತಾಗಿತ್ತು.

ತಿಂಗಳು ತುಂಬುವ ಮೊದಲೇ ಕಂಪನಿಯ ಗೋಡೌನು ಊರಾಚೆ ಜಹ್ರಾದಲ್ಲಿದೆ, ಅಲ್ಲೇ ರೂಮು ಕೊಡುತ್ತಾರೆ ಎಂದರು ಕೊರಗಪ್ಪಣ್ಣ. ಗೋಡೌನು ಅಲ್ಲಿ ಮೊದಲಿನಿಂದಲೂ ಇತ್ತು. ಇಷ್ಟು ವರ್ಷ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಾವು ಯಾರೂ ಅದನ್ನು ಕೇಳಲಿಲ್ಲ. ಬಾವಾ ಟ್ಯಾಕ್ಸಿಯಲ್ಲಿ ಸಾಮಾನು ಬಿಟ್ಟು ಬಂದ. ಅವರ ಮಂಚಕ್ಕೆ ವಿನೀತ್ ಎಂಬ ಸುಳ್ಯದ ಹುಡುಗ ಬಂದ, ಮೊಟ್ಟೆ ಸಾರು ಬಿಟ್ಟು ಬೇರೇನೂ ಬಾರದವನು. ಪಾಳಿ ಮತ್ತೆ ಐದಾಯಿತು.

ನಾಲ್ಕಾರು ವಾರ ಕಳೆದು ಮಾತ್ರೆ ಬರೆಸಿಕೊಳ್ಳಲು ಕ್ಲಿನಿಕ್ಕಿಗೆ ಹೋದೆ. ವೆನಿಸ್ಸಾ ತೋಳಿಗೆ ಪಟ್ಟಿ ಕಟ್ಟಿ ಬೀಪಿ ನೋಡಿ ಮುಖ ಸಿಂಡರಿಸಿದಳು. ಕೊರಗಪ್ಪಣ್ಣ ಯಾಕೆ ಈಗ ಫೋನು ಮಾಡುವುದಿಲ್ಲ ಎಂದು ಕೇಳಿದಳು. ಅವರು ನಿನಗೆ ಯಾಕೆ ಫೋನು ಮಾಡಬೇಕು ಎಂದೆ.

ಅವಳು ಹೇಳಿದಳು. ಉಪ್ಪಿಲ್ಲದೆ ಮೀನು ಸಾರು ಮಾಡುವುದು ಹೇಗೆ ಎಂದು ಕೇಳಿಕೊಂಡು ಅವರು ಅವಳಿಗೆ ಫೋನು ಮಾಡಿದ್ದರು. ಹುಳಿ ಜಾಸ್ತಿ ಹಾಕಿ, ಕರಿಮೆಣಸು ಹಾಕಿ, ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ ಎಂದು ಇವಳು ಹೇಳಿಕೊಟ್ಟಿದ್ದಳು. ಒಬ್ಬನಿಗೆ ಮಾತ್ರ ಬೇರೆ ಮಾಡಿದರೆ ಹುಡುಗರಿಗೆ ತಿಳಿಯುತ್ತದೆ, ಅವನು ಹೇಳಬೇಡ ಎಂದಿದ್ದಾನೆ, ಅದಕ್ಕೇ ಎಲ್ಲರದ್ದೂ ಒಂದೇ ಪಾತ್ರೆಯಲ್ಲಿ ಮಾಡುತ್ತೇನೆ ಎಂದಿದ್ದರಂತೆ. ಐದು ದಿನಕ್ಕೊಮ್ಮೆ ಉಪ್ಪು ಬಿಟ್ಟರೆ ಏನು ಪ್ರಯೋಜನ ಅಂಕಲ್ ಎಂದು ಇವಳು ನಗಾಡಿದ್ದಳು.

"ಅದಕ್ಕೆ ಅವರು ಎಂತ ಹೇಳಿದ್ರು ಗೊತ್ತುಂಟಾ?" ಎಂದಳು ವೆನಿಸ್ಸಾ. "ನನ್ನ ಕೈಯಲ್ಲಿ ಇರುವುದು ಆ ಒಂದು ದಿನ ಮಗಾ, ಬಾಕಿ ನಾಲ್ಕು ದಿನ ದೇವರು ನೋಡಿಕೊಳ್ಳಲಿ, ಅಂತ."

ಅವಳು ಪಟ್ಟಿ ಬಿಚ್ಚಿದ ಮೇಲೂ ನಾನು ತೋಳು ಚಾಚಿಕೊಂಡೇ ಕುಳಿತಿದ್ದೆ. ಹೊರಗೆ ಬಂದು, ಪಾರ್ಕಿಂಗಿನ ನೆರಳಿನಲ್ಲಿ ನಿಂತು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಆ ಮನುಷ್ಯ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಿನಗಾಗಿ ಮಾಡುತ್ತಿದ್ದೇನೆ ಕತ್ತೆ ಎಂದು. ಬಾಗಿಲಲ್ಲಿ ಆ ಇಬ್ಬರು ನಿಂತಿದ್ದಾರೆಂದು ಅದನ್ನೂ ನುಂಗಿಕೊಂಡರು. ತನ್ನ ಬಾಯಿ ಸತ್ತಿದೆ ಎಂಬ ಹೆಸರು ಹೊತ್ತುಕೊಂಡೇ ಹೋದರು.

ಶುಕ್ರವಾರ ಬಸ್ಸು ಹತ್ತಿ ಜಹ್ರಾಕ್ಕೆ ಹೋದೆ. ಹುಡುಗರಿಗೆ ಮೊದಲೇ ಎಲ್ಲ ಹೇಳಿದ್ದೆ. ಲತೀಶ್ ಅವತ್ತು ಆಟ ಹಾಕಲು ಫೋನು ಹೊರಗೆ ತೆಗೆಯಲಿಲ್ಲ, ಯಾವ ಪಿಚರನ ಹೆಸರನ್ನೂ ಎತ್ತಲಿಲ್ಲ. ಅಣ್ಣನನ್ನು ಹೇಗಾದರೂ ಕರೆದುಕೊಂಡೇ ಬನ್ನಿ, ವಿನೀತನಿಗೆ ಬೇರೆ ಜಾಗ ನೋಡುವ ಎಂದು ಬಾಗಿಲವರೆಗೆ ಬಂದು ಹೇಳಿದ.

ಗೋಡೌನಿನ ಹಿಂದೆ ಒಂದು ರೂಮು. ಕೊರಗಪ್ಪಣ್ಣ ಒಲೆಯ ಮುಂದೆ ನಿಂತಿದ್ದರು, ಸ್ವಲ್ಪ ಇಳಿದುಹೋಗಿದ್ದರು. ನನ್ನನ್ನು ನೋಡಿ ಸಂತೋಷವೇ ಆಯಿತು ಅವರಿಗೆ, ಅದು ಮುಖದಲ್ಲೇ ಕಾಣುತ್ತಿತ್ತು. ಮಾತ್ರೆ ತಕ್ಕೊಳ್ತೀಯಾ ಎಂದು ಕೇಳಿದರು. ವೆನಿಸ್ಸಾ ಎಲ್ಲ ಹೇಳಿದಳು ಎಂದೆ. ಅವಳಿಗೆ ಬಾಯಿ ನಿಲ್ಲುವುದಿಲ್ಲ ಎಂದು ನಕ್ಕು ಒಲೆಯ ಕಡೆ ತಿರುಗಿದರು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೆ. ಕಾಲು ಹಿಡಿಯಲು ಬಗ್ಗಿದೆ, ಅವರು ಸೌಟಿನಿಂದಲೇ ತಡೆದರು. ಮನೆಗೆ ಬನ್ನಿ ಅಣ್ಣ, ನಿಮ್ಮ ಪಾಳಿ ನಿಮಗೇ ಇದೆ ಎಂದೆ.

"ಇಳಿದವ ಅದೇ ಆಟಕ್ಕೆ ಮತ್ತೆ ಹತ್ತೋದಿಲ್ಲ ಅಲ್ವಾ ಮಾರಾಯ," ಎಂದರು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ, ಜಗಳ ನನ್ನ ಕಸುಬು.

"ಐದನೆಯ ದಿನ ಬೇರೆ ಆಟ ಇರ್ತದಲ್ಲ ಅಣ್ಣ. ಅವನೇ ಮತ್ತೆ ಶುರು ಮಾಡ್ತಾನೆ."

ಅವರು ಸ್ವಲ್ಪ ಯೋಚಿಸಿದರು. ಆಮೇಲೆ, ಆ ಹುಡುಗನನ್ನು ಎಬ್ಬಿಸಿ ನಾನು ಆ ಮಂಚದಲ್ಲಿ ಮಲಗುವುದಾ, ಅದು ಬೇಡ, ಅವನಿಗೆ ಸಾರು ಮಾಡಲು ಕಲಿಸಿ ಎಂದರು. ಮುಂದಿನ ತಿಂಗಳಿಗೆ ಊರಿಗೆ ಟಿಕೆಟ್ ಆಗಿದೆ, ಇಲ್ಲಿ ಇರಲು ಬೇಕಾದ ಇಕಾಮಾ ಮತ್ತೆ ಮಾಡಿಸುವುದಿಲ್ಲ ಎಂದೂ ಹೇಳಿದರು. ಮೀನಿಗೆ ಮುಚ್ಚಳ ಮುಚ್ಚುತ್ತಾ ಹೇಳಿದ್ದರಿಂದ ನನಗೆ ಅವರ ಮುಖ ಕಾಣಲಿಲ್ಲ.

ಚಾಪೆ ಹಾಸಿದರು. ನನ್ನನ್ನು ಕೂರಿಸಿದರು. ಬಟ್ಟಲು ತಂದು ನನ್ನ ಮುಂದಿಟ್ಟು ಅನ್ನ ಹಾಕಿದರು, ಬಂಗುಡೆ ಹಾಕಿದರು, ಸಾರು ಬಡಿಸಿದರು. ನಾನು ತುತ್ತು ಬಾಯಿಗಿಟ್ಟೆ. ಹುಳಿ, ಕರಿಮೆಣಸು. ಉಪ್ಪು ಇಲ್ಲವೇ ಇಲ್ಲ. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ, ಕೈಗೆ ಅದೇ ಅಭ್ಯಾಸವಾಗಿಹೋಗಿತ್ತು.

"ನೀವೂ ಕೂತ್ಕೊಳ್ಳಿ ಅಣ್ಣ, ಒಟ್ಟಿಗೆ ಉಣ್ಣುವ," ಎಂದೆ.

"ನೀನು ಉಣ್ಣು. ನೆಂಟರದ್ದಾಗಲಿ, ಆಮೇಲೆ ನಾನು," ಎಂದು ಅವರು ಪಾತ್ರೆಯ ಪಕ್ಕದಲ್ಲಿ ಕುಳಿತರು.